ಮರಗಳು ಕಲಿತ ಮುದ್ರೆ

ನಮ್ಮ ಮಗಳು ಅನಂತಮತಿ ತೀರಿಕೊಂಡ ಸುದ್ದಿಯನ್ನು ನಾನು ಸಂತೆಪೇಟೆಯ ಬಸರಿ ಮರದ ಬಾಯಿಂದ ಕೇಳಿದೆ. ಮರುದಿನ ಬಸದಿಯಲ್ಲಿ ಶಾಂತಿನಾಥ ಸ್ವಾಮಿಯ ಅಭಿಷೇಕವಿತ್ತು. ಎಳನೀರು ಹೇಳಿಬರೋಣವೆಂದು ಇಳಿಹೊತ್ತಿನಲ್ಲಿ ಪೇಟೆಗೆ ಹೋಗಿದ್ದೆ. ಎಳನೀರಿನ ಮಲ್ಲಪ್ಪನ ಜೊತೆ ನಿಂತು ಮಾತಾಡುತ್ತಿದ್ದಾಗ ಸಣ್ಣ ಗಾಳಿ ಎದ್ದಿತು. ಮರ ಎಂದಿನಂತೆ ಒಣಗಿದ ಕಾಯಿ ಅಲುಗಿದ ಹಾಗಿನ ದನಿಯಲ್ಲಿ ನುಡಿಯಿತು: "ಗುಡ್ಡದ ಆರೋಗ್ಯಧಾಮ. ದಾದಿ ಅನಂತಮತಿ. ಜ್ವರ ಇಳಿಯಲಿಲ್ಲ. ಇಂದು ಮಧ್ಯಾಹ್ನ ಪ್ರಾಣ ಹೋಯಿತು. ಹಾಸಿಗೆ ತೆರವಾಗಿದೆ."

ಪೇಟೆಯ ಜನ ಮೊದಲು ಸುದ್ದಿಯ ಕಡೆ ಲಕ್ಷ್ಯ ಕೊಡಲಿಲ್ಲ. ಇಂಥ ಮಾತನ್ನು ಮುದ್ರೆ ಹಾಕದೆ ಬಿಚ್ಚಾಗಿ ಕಳಿಸಿದವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಔಷಧಾಲಯದ ಕಂಪ್ಯೂಟರ್ ನೋಡಿಕೊಳ್ಳುವ ಫಕೀರಪ್ಪ ಬರಿಗಾಲಲ್ಲಿ ಹೊರಗೆ ಓಡಿಬಂದ. "ಬಿಚ್ಚ್ ಬಂದಿಲ್ರೋ! ಮುದ್ರಿ ಬಿದ್ದೇ ಬಂದೈತಿ! ಮರ ಮುದ್ರಿ ಕಲತಾವು!" ಎಂದು ಕೂಗಿದ. ಕೂಗಿದ ಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು. ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ಮಲ್ಲಪ್ಪ ಕೈಯಲ್ಲಿದ್ದ ಮಚ್ಚನ್ನು ನೆಲಕ್ಕಿಟ್ಟು, "ಅಜ್ಜಾರ, ಕುಂದರ್ರಿ. ಮೊದಲ ಕುಂದರ್ರಿ" ಎಂದು ತನ್ನ ಗೋಣಿತಾಟು ಹಾಸಿದ. ನಾನು ಕೂರಲಿಲ್ಲ. ಮರದ ಮಾತು ತಂತಿಗುಂಟ ಮರದಿಂದ ಮರಕ್ಕೆ ಹೋಗುತ್ತದೆ. ಅದಕ್ಕಿಂತ ಮೊದಲು ನಾನು ಮನೆ ಮುಟ್ಟಬೇಕಿತ್ತು.

ಮುಟ್ಟಲಾಗಲಿಲ್ಲ. ನಾನು ಅಂಗಳಕ್ಕೆ ಕಾಲಿಟ್ಟಾಗ ನನ್ನ ಹೆಂಡತಿ ಚಂದ್ರವ್ವ ಬೇವಿನ ಮರದ ಬುಡದಲ್ಲಿ ಕೂತಿದ್ದಳು. ಅವಳ ಮುಂದೆ ಮೊರವಿತ್ತು, ಮೊರದಲ್ಲಿ ಅರ್ಧ ಹಸನು ಮಾಡಿದ ಗೋಧಿ ಇತ್ತು. ಅವಳು ಅಳುತ್ತಿರಲಿಲ್ಲ. "ನೀವು ಬರೂದ್ರಾಗ ಇದು ಹೇಳಿಬಿಡ್ತ್ರೀ" ಎಂದಳು. ಮೊರವನ್ನು ಬದಿಗೆ ಸರಿಸಿ, "ಹಾಸಿಗಿ ತೆರವಾಗೈತಿ ಅಂತ" ಎಂದಳು.

ನಮ್ಮ ಊರಿನ ಮರಗಳ ರೀತಿ ಇದು. ತಂತಿಯ ಮೇಲೆ ಬಿಚ್ಚಾಗಿ ಹೋದ ಮಾತನ್ನು ಅವು ಸಂಜೆಯ ಗಾಳಿಗೆ ಆಡಿಬಿಡುತ್ತವೆ. ಅದಕ್ಕೆ ಊರಲ್ಲಿ ಮೊದಲಿನಿಂದ ಮುದ್ರೆಯ ಪದ್ಧತಿಯಿದೆ. ಯಾವ ಮುದ್ರೆಯನ್ನು ನಂಬಬಹುದು, ಯಾವುದನ್ನು ಬೀಳ್ಕೊಡಬೇಕು ಎಂದು ಹೇಳುವ ಕೆಲಸ ನಮ್ಮ ಮನೆತನಕ್ಕೆ ಬಂದದ್ದು. ನಮ್ಮ ಅಜ್ಜನ ಕಾಲದಲ್ಲಿ ಅದು ಅರಗಿನ ಮುದ್ರೆಯಾಗಿತ್ತು. ಈಗ ಕಂಪ್ಯೂಟರುಗಳ ಒಳಗಿನ ಗೂಢಲಿಪಿಯ ಮುದ್ರೆ. ಅರಗಾಗಲಿ ಗೂಢಲಿಪಿಯಾಗಲಿ, ಮರಗಳು ಒಂದಲ್ಲ ಒಂದು ದಿನ ಅದನ್ನು ಕಲಿಯುತ್ತವೆ. ಆಗ ಆ ಮುದ್ರೆಗೆ ರಜೆ ಕೊಟ್ಟು ಹೊಸದನ್ನು ತರಬೇಕು. ಊರಿನ ಒಂದೇ ಒಂದು ಯಂತ್ರವೂ ಒಪ್ಪದ ಮುದ್ರೆಯನ್ನು ಮರಗಳು ತಾವಾಗಿ ಬಿಟ್ಟುಬಿಡುತ್ತವೆ. ಒಂದು ಯಂತ್ರ ಒಪ್ಪುತ್ತಿದ್ದರೂ ಸಾಕು, ಊರಿನ ಎಲ್ಲ ಮರಗಳೂ ಆ ಮುದ್ರೆಯ ಮಾತು ಆಡುತ್ತಲೇ ಇರುತ್ತವೆ.

ಮಗಳನ್ನು ಗುಡ್ಡದಿಂದ ಇಳಿಸಿ ತಂದು, ಪಂಚ ನಮಸ್ಕಾರ ಹೇಳುತ್ತ ಸಂಸ್ಕಾರ ಮುಗಿಸಿದೆವು. ಗುಡ್ಡದ ಮೇಲಿನದು ಅಂಟುವ ಎದೆರೋಗದವರ ಆಸ್ಪತ್ರೆ. ಅನಂತಮತಿ ಮದುವೆಯಾಗುವುದಿಲ್ಲವೆಂದು ಹೇಳಿ, ಚಿಕ್ಕ ವಯಸ್ಸಿನಲ್ಲೇ ಅಲ್ಲಿಗೆ ದಾದಿಯಾಗಿ ಹೋದವಳು. ತಿಂಗಳಿಗೊಮ್ಮೆ ಮನೆಗೆ ಬರುವಳು, ತಾಯಿಯ ತಲೆ ಬಾಚುವಳು, ಬಸದಿಗೆ ಹೋಗುವಳು, ಹಿಂದಿರುಗುವಳು. ಅಲ್ಲಿ ಯಾರಿದ್ದಾರೆ, ಯಾರಿಗೆ ಏನಾಗಿದೆ ಎಂದು ಚಂದ್ರವ್ವ ಎಷ್ಟು ಕೇಳಿದರೂ, "ಎಲ್ಲಾರೂ ಅರಾಮ ಅದಾರ ಅವ್ವಾ" ಎನ್ನುವುದರಾಚೆಗೆ ಅವಳ ಬಾಯಿಂದ ಒಂದು ಮಾತು ಬೀಳುತ್ತಿರಲಿಲ್ಲ.

ಸಂಸ್ಕಾರ ಮುಗಿದ ಬಳಿಕ ನಾನು ಔಷಧಾಲಯಕ್ಕೆ ಹೋದೆ. ಔಷಧಾಲಯದ ದೊಡ್ಡ ಯಂತ್ರದಲ್ಲಿ ಊರಿನ ಹುಟ್ಟು, ಸಾವು, ರೋಗ, ಔಷಧದ ದಾಸ್ತಾನು ಎಲ್ಲ ಸೇರಿದ ಒಂದು ಡೇಟಾಬೇಸ್ ಇದೆ. ನಾವು ಅದನ್ನು ಕಣಜ ಎನ್ನುತ್ತೇವೆ. ಆ ಕಣಜದಿಂದ ತೆಗೆದು ನೋಡುವುದಕ್ಕೂ ಅದಕ್ಕೆ ತುಂಬುವುದಕ್ಕೂ ಮನೆಗಳಲ್ಲಿ, ಕಚೇರಿಗಳಲ್ಲಿ ಒಂದು ಕ್ಲೈಂಟ್ ತಂತ್ರಾಂಶವಿದೆ. ಕ್ಲೈಂಟು ಕಣಜವನ್ನು ಕರೆದಾಗ ಎರಡೂ ಮೊದಲು ಯಾವ ಮುದ್ರೆಯಲ್ಲಿ ಮಾತಾಡಬೇಕೆಂದು ಒಪ್ಪಿಕೊಳ್ಳುತ್ತವೆ. ಪ್ರತಿ ಯಂತ್ರದ ಸೆಟ್ಟಿಂಗಿನಲ್ಲಿ ಎರಡು ಖಾನೆಗಳಿವೆ. ಮೇಲಿನ ಖಾನೆಯಲ್ಲಿ ತಾನು ಒಪ್ಪುವ ಮುದ್ರೆಯ ಅತಿ ಹೊಸ ಆವೃತ್ತಿ, ಕೆಳಗಿನ ಖಾನೆಯಲ್ಲಿ ತಾನು ಒಪ್ಪುವ ಅತಿ ಹಳೆಯ ಆವೃತ್ತಿ. ಎರಡಕ್ಕೂ ಗೊತ್ತಿರುವುದರಲ್ಲಿ ಹೊಸದು ಯಾವುದೋ ಅದರಲ್ಲಿ ಮಾತು ನಡೆಯುತ್ತದೆ.

ಫಕೀರಪ್ಪ ಕುರ್ಚಿ ಬಿಟ್ಟೆದ್ದು ಕೈಮುಗಿದ. ಅವನು ತಮಾಷೆಯ ಮನುಷ್ಯ, ಆ ದಿನ ಅವನ ಮುಖ ಬಾಡಿತ್ತು. "ಹೊಸಾ ಮುದ್ರಿ ಬಂದಾಗ ಊರ ಮಂದಿ ಎಲ್ಲಾ ಮ್ಯಾಲಿನ ಖಾನಿ ಏರಿಸ್ಯಾರ್ರೀ ಅಜ್ಜಾರ. ಕೆಳಗಿಂದು ಯಾರೂ ಮುಟ್ಟಿಲ್ಲ. ನಾನೂ ಮುಟ್ಟಿಲ್ಲ."

"ಯಾಕ ಮುಟ್ಟಲಿಲ್ಲೋ?"

"ಹೊಸಾ ಸೊಸಿ ಬಂದ್ಲಂತ ಅತ್ತಿನ ಹೊರಗ ಹಾಕ್ತಾರೇನ್ರಿ ಅಂದ್ರು ಮಂದಿ. ಹಳೇದು ಇಷ್ಟು ವರ್ಷ ದುಡದೈತಿ, ಕೆಳಗ ಒಂದು ಮೂಲ್ಯಾಗ ಕುಂತಿರಲಿ ಬಿಡ್ರಿ ಅಂದ್ರು. ನನಗೂ ಖರೇ ಅನಿಸ್ತು. ಮತ್ತ ಗುಡ್ಡದ ಮ್ಯಾಲ ಅನಂತಮತಿ ಅಕ್ಕಾರ ಯಂತ್ರಕ್ಕ ಹಳೇದೊಂದ ಗೊತ್ತಿತ್ತು. ಕಣಜದಾಗ ಹಳೇದನ್ನ ಮುಚ್ಚಿದ್ರ ಅವರಿಗೆ ಔಷಧ ಹೆಂಗ ಹೋಗೂದು?"

ನಾನು ಅವನನ್ನು ಬೈಯಲಿಲ್ಲ. ಅವನು ಹೇಳಿದ್ದರಲ್ಲಿ ಅರ್ಧ ಮೂಢತನ, ಅರ್ಧ ದಯೆ. ಎರಡನ್ನೂ ಬೇರೆ ಮಾಡುವ ಶಕ್ತಿ ನನಗೆ ಆ ದಿನ ಇರಲಿಲ್ಲ. ಹೊಸ ಮುದ್ರೆ ತಿಳಿದ ಯಂತ್ರವೊಂದನ್ನು ಮೊದಲು ಗುಡ್ಡಕ್ಕೆ ಹೊರಿಸಿ ಕಳಿಸು, ಅಲ್ಲಿಂದ ಔಷಧದ ಕರೆ ಬಂದು ಮುಟ್ಟಿದ ಮೇಲೆ ಹಳೆಯದಕ್ಕೆ ರಜೆ ಕೊಡೋಣ ಎಂದೆ. ಅವನು, "ಆಗ್ಲಿ ಅಜ್ಜಾರ. ಅಕ್ಕಾರು ಕೇಳಿ ಕೇಳಿ ಸಾಕಾಗಿದ್ರು ಆ ಯಂತ್ರಕ್ಕ" ಎಂದು ಬೇರೆ ಕಡೆ ತಿರುಗಿ ನಿಂತ.

ಅಷ್ಟರಲ್ಲಿ ಊರು ಬೇರೆ ಸಂಕಟಕ್ಕೆ ಬಿದ್ದಿತ್ತು. ಮರಗಳಿಗೆ ಮರೆವಿಲ್ಲ. ತಮಗೆ ಬಿಡಿಸಲಾಗದ ಮಾತನ್ನೂ ಅವು ತೊಗಟೆಯೊಳಗೆ ಇಟ್ಟುಕೊಂಡಿರುತ್ತವೆ. ಮುದ್ರೆಯನ್ನು ಕಲಿತ ಮೇಲೆ, ಆ ಮುದ್ರೆಯಲ್ಲಿ ಹಿಂದೆಂದೋ ಹೋದ ಮಾತುಗಳನ್ನೆಲ್ಲ ಮೊದಲಿನಿಂದ, ಒಂದು ವರ್ಷದ ಬಳಿಕ ಇನ್ನೊಂದು ವರ್ಷದಂತೆ, ಹೊರಗೆ ಬಿಡತೊಡಗಿದವು. ಇಳಿಹೊತ್ತಿಗೆ ಗಾಳಿ ಎದ್ದರೆ ಜನ ಕಿಟಕಿ ಮುಚ್ಚಿಕೊಂಡರು. ಕೆಲವರು ತಮ್ಮ ಮನೆಯ ಮುಂದಿನ ಮರದ ಕೆಳಗೆ ಎತ್ತು ಕಟ್ಟಿ, ಅದರ ಕೊರಳಿಗೆ ದೊಡ್ಡ ಗಂಟೆ ಹಾಕಿದರು. ಕಿರಾಣಿ ಅಂಗಡಿಯವನು ಹಲಗೆ ಬಾರಿಸುವವರನ್ನು ಕರೆಸಿ ಕೂರಿಸಿದ. ಬಾವಿಕಟ್ಟೆಯ ಮೇಲೆ ಹೆಂಗಸರು ಒಬ್ಬರನ್ನೊಬ್ಬರು ಚುಚ್ಚುತ್ತಿದ್ದರು. "ಏ ನಿಂಗವ್ವಾ, ನಿನ್ನ ನೆಗೆಣ್ಣಿ ಮ್ಯಾಲ ತವರಿಗೆ ಏನೇನ ಬರದಿದ್ದಿ, ನಾಳೆ ಹುಣಸಿಮರ ಹೇಳತೈತಿ ತಡಿ." "ಹೇಳ್ಲಿ ಬಿಡ, ಆಕಿ ನನ್ನ ಮ್ಯಾಲ ಬರದಿದ್ದು ಅದಕ್ಕಿಂತ ಮೊದಲ ಬರತೈತಿ." ನಕ್ಕು ಹೀಗೆ ಆಡುತ್ತಿದ್ದವರೇ ಸಂಜೆಯಾದರೆ ಕಿವಿ ನಿಮಿರಿಸಿ ಹೆದರುತ್ತಿದ್ದರು.

ಪಂಚರ ಕೂಟದಲ್ಲಿ ಒಬ್ಬನು ಮರಗಳನ್ನೇ ಕಡಿದುಬಿಡೋಣ ಎಂದ. ನಾನು ಒಪ್ಪಲಿಲ್ಲ. ಅವು ಜೀವವಿರುವಂಥವು. ಕೇಳಿದ್ದನ್ನು ಆಡುವುದು ಅವುಗಳ ಸ್ವಭಾವ, ದ್ವೇಷವಲ್ಲ. ಮಾತನ್ನು ಕಾಯಬೇಕಾದವರು ನಾವು ಎಂದೆ. "ಅಜ್ಜಾರ ಮಗಳ ಸುದ್ದೀನ ಬೀದ್ಯಾಗ ಕೂಗಿದ ಮರಕ್ಕ ಅಜ್ಜಾರೇ ಕೊಡಲಿ ಬ್ಯಾಡ ಅಂತಾರಲ್ಲೋ, ನಿಂದೇನ ಹೆಚ್ಚಿಂದು?" ಎಂದು ಯಾರೋ ಅವನನ್ನು ಕೂರಿಸಿದರು.

ಹೊಸ ಯಂತ್ರ ಗುಡ್ಡಕ್ಕೆ ಹೋಯಿತು. ಅಲ್ಲಿಂದ ಕರೆ ಬಂತು, ಔಷಧ ಹೋಯಿತು. ಆಮೇಲೆ ನಾನೂ ಫಕೀರಪ್ಪನೂ ಬಾಗಿಲಿಂದ ಬಾಗಿಲಿಗೆ ತಿರುಗಿದೆವು. ಒಂದೊಂದು ಮನೆಯಲ್ಲೂ ಕ್ಲೈಂಟನ್ನು ತೆರೆದು, ಸೆಟ್ಟಿಂಗಿಗೆ ಹೋಗಿ, ಕೆಳಗಿನ ಖಾನೆಯನ್ನು ಏರಿಸಿ, ಮೇಲೂ ಕೆಳಗೂ ಹೊಸದೇ ಇರುವಂತೆ ಮಾಡಿ, ಕಣಜಕ್ಕೆ ಒಂದು ಕರೆ ಕೊಟ್ಟು ನೋಡುವುದು. ಕೆಲಸ ದೊಡ್ಡದಲ್ಲ. ಮನೆಯವರನ್ನು ಒಪ್ಪಿಸುವುದೇ ದೊಡ್ಡದು. ಹಳೆಯದನ್ನು ತೆಗೆಯುವಾಗ ಒಬ್ಬ ಮುದುಕಿ ಪರದೆಗೆ ಕುಂಕುಮ ಹಚ್ಚಿ, "ಹೋಗಿ ಬಾ ತಾಯಿ, ನಮ್ಮನ್ನ ಭಾಳ ದಿನಾ ಕಾಯ್ದಿ" ಎಂದು ಕಣ್ಣು ಒರೆಸಿಕೊಂಡಳು. ಕೊನೆಗೆ ಕಣಜದಲ್ಲೂ ಹಳೆಯದನ್ನು ಮುಚ್ಚಿದೆವು. ಪದ್ಧತಿಯಂತೆ ಎಲ್ಲರದೂ ಆದ ಮೇಲೆ, ಕಡೆಯದಾಗಿ, ಮುದ್ರೆಯ ಮನೆಯವರಾದ ನಾವು ನಮ್ಮ ಯಂತ್ರದಲ್ಲಿ ಅದನ್ನು ಮುಚ್ಚಬೇಕು. ಅಲ್ಲಿಗೆ ಹಳೆಯ ಮುದ್ರೆ ಊರಿನಿಂದ ಹೋದಂತೆ.

ನಾನು ನಮ್ಮ ಪಡಸಾಲೆಯ ಕಂಪ್ಯೂಟರಿನ ಮುಂದೆ ಕೂತೆ. ಚಂದ್ರವ್ವ ಬಂದು ನನ್ನ ಕೈಯ ಮೇಲೆ ಕೈಯಿಟ್ಟಳು.

"ಬ್ಯಾಡ್ರೀ."

"ಯಾಕ ಚಂದ್ರಾ?"

"ಆಕಿ ಮಾತಾಡಾಕತ್ಯಾಳ."

ಗುಡ್ಡದಿಂದ ಬರುವ ತಂತಿ ನಮ್ಮ ಅಂಗಳದ ಬೇವಿನ ಮರವನ್ನು ತಾಗಿಕೊಂಡೇ ಊರೊಳಗೆ ಹೋಗುತ್ತದೆ. ಪೇಟೆಯ ಬಸರಿ ಮರದಲ್ಲಿ ಊರಿನ ಮಾತೆಲ್ಲ ಒಟ್ಟಿಗೆ ನುಗ್ಗಿ ಸಂತೆಯ ಗದ್ದಲದಂತೆ ಆಗಿ, ಒಂದೊಂದು ಹೆಸರು, ಒಂದೊಂದು ಮಾತು ಮಾತ್ರ ಮೇಲೆ ತೇಲುತ್ತಿತ್ತು. ನಮ್ಮ ಬೇವು ಗುಡ್ಡದ ಮಾತನ್ನು ಮಾತ್ರ ಆಡುತ್ತಿತ್ತು, ಸ್ಪಷ್ಟವಾಗಿ ಆಡುತ್ತಿತ್ತು. ಅದು ಅನಂತಮತಿ ದಿನದ ಕೊನೆಗೆ ಕಣಜಕ್ಕೆ ಬರೆದು ಕಳಿಸುತ್ತಿದ್ದ ಮಾತು. ಅವಳು ಗುಡ್ಡಕ್ಕೆ ಹೋದ ಮೊದಲ ವರ್ಷದಿಂದ ಮರ ಶುರುಮಾಡಿತ್ತು. "ಮೂಲೆಯ ಹಾಸಿಗೆಯ ಅಜ್ಜ ಇಂದು ಗಂಜಿ ಕುಡಿದ. ಕಿಟಕಿಯ ಬದಿಯವನಿಗೆ ಕೆಮ್ಮು ಕಡಿಮೆ. ಕಂಬಳಿ ಸಾಲದು, ಕಳಿಸಿಕೊಡಿ." ದನಿ ಮರದ್ದೇ. ಆದರೆ ಮಾತಿನ ನಡೆ ಅವಳದು. ಒಂದು ಹೇಳಿ ನಿಂತು, ಇನ್ನೊಂದು ಹೇಳುವ ಅವಳ ರೀತಿ. ಅದನ್ನು ತಾಯಿ ಗುರುತಿಸಿದ್ದಳು, ನಾನೂ ಗುರುತಿಸಿದ್ದೆ.

ನಾನು ಕೈ ಹಿಂದೆಗೆದುಕೊಂಡೆ. ಆ ದಿನ, ಮರುದಿನ, ಅದರ ಮರುದಿನವೂ ಯಂತ್ರವನ್ನು ಮುಟ್ಟಲಿಲ್ಲ. ಚಂದ್ರವ್ವ ಇಳಿಹೊತ್ತಿಗೆ ಚಾಪೆ ಹಾಸಿ ಮರದ ಕೆಳಗೆ ಕೂರುವಳು. ನಾನು ಸ್ವಲ್ಪ ದೂರದಲ್ಲಿ ಕಟ್ಟೆಯ ಮೇಲೆ ಕೂರುವೆನು. ಗಾಳಿ ಎದ್ದಾಗ ಮರ ನುಡಿಯುವುದು, ಬಿದ್ದಾಗ ನಿಲ್ಲುವುದು. ಒಂದು ಸಂಜೆ ಅದು, "ಮನೆಯಿಂದ ಗೋಧಿ ಹುಗ್ಗಿ ಬಂದಿತ್ತು. ಹೆಂಗಸರ ಕೋಣೆಯವರಿಗೆ ಹಂಚಿದೆ. ಎಲ್ಲರಿಗೂ ಅರಗಿತು. ಪಾತ್ರೆ ತೊಳೆದಿಟ್ಟಿದ್ದೇನೆ" ಎಂದಿತು. ಚಂದ್ರವ್ವ ಮಗಳು ಹೋದ ಮೇಲೆ ಮೊದಲ ಸಲ ನಕ್ಕಳು. "ನೋಡ್ರೀ, ನೋಡ್ರೀ ಕಳ್ಳಿನ್ನ! ಸೊರಗೀದಿ, ನೀನ ಉಣ್ಣು ಅಂತ ಆಣಿ ಹಾಕಿ ಕಳಿಸಿದ್ದೆ. ಉಂಡೆ ಅವ್ವಾ, ಛಲೋ ಆಗಿತ್ತು ಅಂದಿದ್ಲು. ಒಂದು ತುತ್ತಾದ್ರೂ ಬಾಯಾಗ ಹಾಕ್ಕೊಂಡಿದ್ಲೋ ಇಲ್ಲೋ!" ನಗುತ್ತಲೇ ಅವಳ ನಗು ಅಳುವಾಯಿತು. ಅಂಥ ಒಂದು ಮಾತಿಗಾಗಿ ಅವಳು ನೂರು ಕೆಮ್ಮುಗಳ, ನೂರು ಜ್ವರಗಳ ಮಾತನ್ನು ಕೇಳುತ್ತ ಕೂತಿದ್ದಳು. ಆ ಕೆಮ್ಮು ಯಾರದು, ಆ ಜ್ವರ ಯಾರದು ಎಂಬುದು ಅವಳ ಮನಸ್ಸಿಗೆ ಹೋಗುತ್ತಿರಲಿಲ್ಲ. ನನ್ನ ಮನಸ್ಸಿಗೆ ಹೋಗುತ್ತಿತ್ತು. ಹೋದರೂ ನಾನು ಅವಳನ್ನು ಏಳಿಸಲಾರದೆ ಇದ್ದೆ.

ಊರು ಮೊದಮೊದಲು ತಡೆದುಕೊಂಡಿತು. ಹೆತ್ತ ಕರುಳು, ನಾಲ್ಕು ದಿನ ಕೇಳಲಿ ಎಂದರು. ನಮ್ಮ ಒಂದು ಯಂತ್ರ ಹಳೆಯ ಮುದ್ರೆಯನ್ನು ಒಪ್ಪುತ್ತಿರುವವರೆಗೆ ಊರಿನ ಎಲ್ಲ ಮರಗಳೂ ಎಲ್ಲರ ಮನೆಯ ಮಾತನ್ನೂ ಆಡುತ್ತಿರಬೇಕಾಗಿತ್ತು. ಎತ್ತಿನ ಗಂಟೆ, ಹಲಗೆಯ ಸದ್ದು ನಿಲ್ಲಲಿಲ್ಲ. ಬರುಬರುತ್ತ ಜನ ನನ್ನನ್ನು ಕಂಡು ಮಾತು ನಿಲ್ಲಿಸತೊಡಗಿದರು. ಫಕೀರಪ್ಪ ಒಂದು ದಿನ ಬಂದು ಕಟ್ಟೆಯ ತುದಿಗೆ ಕೂತ.

"ಎಲ್ಲಾರದೂ ಮುಗದೈತ್ರಿ ಅಜ್ಜಾರ. ನಿಮ್ಮನೀದೊಂದ ಉಳದೈತಿ."

"ಗೊತ್ತೈತಪ್ಪಾ."

"ನಾ ಏನೂ ಅನ್ನಾಂಗಿಲ್ರಿ. ಮೊನ್ನೆ ಹುಣಸಿಮರ ನನ್ನ ಸುದ್ದಿ ಹೇಳ್ತು. ಔಷಧಾಲಯದ ಸಕ್ರಿ ನಾ ಚಾಕ್ಕ ಹಾಕ್ಕೋತಿದ್ನಂತ. ಈಗ ಮಂದಿ ನನಗ ಸಕ್ರಿ ಫಕೀರಪ್ಪ ಅಂತಾರ. ನಂದು ಹೋಗ್ಲಿ, ನಕ್ಕಬಿಡ್ತೀನಿ. ನಗಾಕ ಬರಲಾರದವರೂ ಇರ್ತಾರಲ್ರೀ."

ಅವನು ಚಂದ್ರವ್ವನ ಕಡೆ ನೋಡಿ ಎದ್ದುಹೋದ.

ಆ ದಿನಗಳಲ್ಲೇ ರಾಚವ್ವ ನಮ್ಮ ಅಂಗಳಕ್ಕೆ ಬರಲು ಶುರುಮಾಡಿದ್ದು. ರಾಚವ್ವ ಪೇಟೆಯಲ್ಲಿ ಚುರುಮುರಿ ಮಾರುವವಳು. ಗಂಡನಿಲ್ಲದ ಹೆಂಗಸು, ಕೈ ಚುರುಕು, ಬಾಯಿಯೂ ಚುರುಕು. ಅವಳ ಬುಟ್ಟಿಯ ಸುತ್ತ ಸಂಜೆ ಮಕ್ಕಳು ಮುತ್ತಿಕೊಂಡಿರುತ್ತಾರೆ. ಅವಳು ವ್ಯಾಪಾರದ ಹೊತ್ತಿನಲ್ಲೇ ಬುಟ್ಟಿ ಮುಚ್ಚಿ ನಮ್ಮಲ್ಲಿಗೆ ಬಂದು, ಚಂದ್ರವ್ವನ ಚಾಪೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಬಾರವ್ವಾ. ಅನಂತೀನ ಗೊತ್ತಿತ್ತೇನ ನಿನಗ?" ಎಂದು ಚಂದ್ರವ್ವ ಕೇಳಿದಳು.

"ಗೊತ್ತಿತ್ರಿ. ದೊಡ್ಡ ಜೀವ ಅವರು."

"ಬಾ ಹಂಗಾರ, ಚಾಪಿ ಮ್ಯಾಲ ಕುಂದರು."

"ಇಲ್ಲೇ ಅರಾಮ ಐತ್ರಿ." ಆಮೇಲೆ ಮರವನ್ನು ನೋಡುತ್ತ ಕೇಳಿದಳು, "ಯಾವ ವರ್ಷಕ್ಕ ಬಂದೈತ್ರಿ ಅವ್ವಾರ, ಮರ?"

"ಹಳ್ಳಕ್ಕ ಮಹಾಪೂರ ಬಂದಿತ್ತಲ್ಲ, ಆ ವರ್ಷ ನಡದೈತಿ."

"ಹೌದ್ರಿ? ಹಂಗಾರ ಇನ್ನೂ ಸ್ವಲ್ಪ ದೂರ ಐತಿ" ಎಂದು ರಾಚವ್ವ ಉಸಿರು ಬಿಟ್ಟಳು.

ಚಂದ್ರವ್ವ ಅದನ್ನು ಬೇರೆ ರೀತಿ ತಿಳಿದಳು. ನನ್ನ ಮಗಳ ಮೇಲಿನ ಪ್ರೀತಿಗೆ ಬಂದಿದ್ದಾಳೆ, ತನಗೆ ತಿಳಿದ ಯಾವುದೋ ದಿನದ ಮಾತು ಕೇಳಬೇಕೆಂದು ಕಾಯುತ್ತಾಳೆ ಎಂದುಕೊಂಡಳು. ಅಂದಿನಿಂದ ಅವರಿಬ್ಬರೂ ಜೊತೆಯಾಗಿ ಕೂರತೊಡಗಿದರು. ಹುಗ್ಗಿಯ ಕತೆಯನ್ನು ಚಂದ್ರವ್ವ ಅವಳಿಗೆ ಹೇಳಿದಳು. ರಾಚವ್ವ, "ನಿಮ್ಮ ಹುಗ್ಗಿ ನಾನೂ ಉಂ—" ಎಂದು ತಡೆದು, "ನಿಮ್ಮ ಹುಗ್ಗಿ ಹೆಸರ ಕೇಳೀನ್ರಿ" ಎಂದಳು. ತಡೆದದ್ದನ್ನು ನಾನು ಗಮನಿಸಿದೆ. ಆಗ ನನಗೆ ತಿಳಿಯಿತು. ಒಂದು ಕಾಲಕ್ಕೆ ಅವಳು ಬಹಳ ದಿನ ಊರಲ್ಲಿರಲಿಲ್ಲ, ದೂರದ ಊರಿನ ತಾಯಿಗೆ ಹುಷಾರಿಲ್ಲವೆಂದು ಹೋಗಿದ್ದಳಂತೆ. ಗುಡ್ಡದ ಎದೆರೋಗ ಬಂದುಹೋದವಳ ಕೈಯ ಚುರುಮುರಿಯನ್ನು ಯಾವ ತಾಯಿ ತನ್ನ ಮಗುವಿಗೆ ಕೊಡಿಸುತ್ತಾಳೆ? ರೋಗ ಹೋಗಿ ವರ್ಷಗಳಾದವು ಎಂದರೆ ಯಾರು ಕೇಳುತ್ತಾರೆ? ಆ ಬುಟ್ಟಿಯೊಂದೇ ಅವಳ ಅನ್ನ.

ನಾನು ಮಾರನೆಯ ದಿನ ಅವಳನ್ನು ದಾರಿಯಲ್ಲಿ ತಡೆದು, "ರಾಚವ್ವಾ, ಹೇಳಬಾರದಾಗಿತ್ತೇನವ್ವ ನನಗ? ಇವತ್ತ ಮುಚ್ಚತೀನಿ" ಎಂದೆ.

ಅವಳು ಹೆದರಿ ನಿಂತಳು. "ಬ್ಯಾಡ್ರಿ ಅಜ್ಜಾರ. ಆಕಿ ಮಗಳ್ನ ಕಳಕೊಂಡಾಕಿ. ನಾನು ಬುಟ್ಟಿ ಕಳಕೊಳ್ಳೂದು ಅದರ ಮುಂದ ಏನ್ರಿ? ಮುಚ್ಚರಿ ಅಂತ ಕೇಳಾಕ ನಾ ಬಂದಿಲ್ಲ. ಮರ ನನ್ನ ಹೆಸರ ಹೇಳೂ ದಿನ ನಾ ಅಲ್ಲೇ ಇರಬೇಕು, ಅಷ್ಟ. ಮಂದಿ ಬಾಯಿಲೆ ಕೇಳೂದಕ್ಕಿಂತ ನಿಮ್ಮ ಮಗಳ ಮಾತಿನಾಗ ಕೇಳೂದು ಛಲೋ."

ಈ ಮಾತನ್ನು ನಾನು ಚಂದ್ರವ್ವನಿಗೆ ಹೇಳಲೋ ಬೇಡವೋ ಎಂದು ದಿನವೆಲ್ಲ ತೂಗಿದೆ. ಹೇಳಿದರೆ ರಾಚವ್ವನ ಗುಟ್ಟನ್ನು ನಾನೇ ಆಡಿದಂತೆ. ಹೇಳದಿದ್ದರೆ ಮರ ಆಡುತ್ತದೆ. ಬಸದಿಯಲ್ಲಿ ಸ್ವಾಮಿಯ ಮುಂದೆ ಕೂತೆ. ಮನಸ್ಸು, ಮಾತು, ಮೈ ಈ ಮೂರನ್ನೂ ಕಾಯಬೇಕೆಂದು ನಮ್ಮ ಧರ್ಮ ಹೇಳುತ್ತದೆ. ಮಾತನ್ನು ಕಾಯುವುದಕ್ಕೆ ವಚನಗುಪ್ತಿ ಎಂದು ಹೆಸರು. ಅದನ್ನು ನಾನು ಓದಿದ್ದೆ, ನನ್ನ ಮಗಳು ನಡೆಸಿದ್ದಳು. ಇಷ್ಟು ಹೊಳೆಯಿತೇ ಹೊರತು ದಾರಿ ಹೊಳೆಯಲಿಲ್ಲ. ಯಂತ್ರವನ್ನು ನಾನೇ ಮುಚ್ಚಿಬಿಡಬಹುದಿತ್ತು. ಆದರೆ ತಾಯಿಯ ಕಿವಿಯಿಂದ ಮಗಳ ಮಾತನ್ನು ಕಸಿದ ಕೈಯನ್ನು ಆಮೇಲೆ ಅವಳ ಎದುರು ಹೇಗೆ ಚಾಚಲಿ ಎಂದು ಹಿಂಜರಿದೆ.

ಆ ಸಂಜೆ ಅಂಗಳದ ಬೇಲಿಯಾಚೆ ಜನ ಎಂದಿಗಿಂತ ಹೆಚ್ಚು ನಿಂತಿದ್ದರು. ಗುಡ್ಡದ ಮಾತು ಕೇಳುವುದು ಕೆಲವರಿಗೆ ಹೊತ್ತು ಕಳೆಯುವ ದಾರಿಯಾಗಿತ್ತು. ಈರುಳ್ಳಿಯ ಗಾಡಿಯವನೊಬ್ಬ ಗಾಡಿ ನಿಲ್ಲಿಸಿಕೊಂಡು, "ಇವತ್ತ ಯಾರ ಪಾಳಿಪಾ?" ಎಂದು ಕೇಳುತ್ತಿದ್ದ. ರಾಚವ್ವ ಸೆರಗನ್ನು ತಲೆತುಂಬ ಹೊದ್ದು ಕೂತಿದ್ದಳು. ಗಾಳಿ ಎದ್ದಿತು. ಮರ ನುಡಿಯಿತು.

"ಬಾಗಿಲ ಬದಿಯ ಹಾಸಿಗೆಗೆ ಇಂದು ಹೊಸಬಳು ಬಂದಳು. ಊರವಳೇ. ಎದೆಯ ಎರಡೂ ಬದಿಗೆ ಹಿಡಿದಿದೆ. ತಾನು ಇಲ್ಲಿರುವುದು ಯಾರಿಗೂ ತಿಳಿಯಬಾರದೆಂದು ನನ್ನ ಕೈ ಹಿಡಿದು ಅತ್ತಳು. ಯಾರಿಗೂ ಹೇಳುವುದಿಲ್ಲ, ನಮ್ಮ ಅವ್ವನಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಔಷಧ ಬರಬೇಕಾದ್ದರಿಂದ ಕಣಜಕ್ಕೆ ಮಾತ್ರ ಹೇಳುತ್ತಿದ್ದೇನೆ. ಅವಳ ಹೆಸರು—"

ಗಾಳಿ ಬಿತ್ತು. ಮರ ನಿಂತಿತು.

ಬೇಲಿಯಾಚೆ ಎಲ್ಲರೂ ಎಲೆಗಳನ್ನು ನೋಡುತ್ತಿದ್ದರು. ಚಂದ್ರವ್ವ ಮಾತ್ರ ಮರವನ್ನು ನೋಡಲಿಲ್ಲ. ಪಕ್ಕದಲ್ಲಿ ಕೂತವಳನ್ನು ನೋಡಿದಳು. ರಾಚವ್ವ ಮುಖ ಎತ್ತಲಿಲ್ಲ, ಎದ್ದು ಹೋಗಲೂ ಇಲ್ಲ. ನೆಲದ ಮೇಲಿನ ಒಂದು ಬೇವಿನ ಕಡ್ಡಿಯನ್ನು ಹಿಡಿದು ಚೂರು ಚೂರು ಮುರಿಯುತ್ತಿದ್ದಳು.

ಚಂದ್ರವ್ವ ನೆಲಕ್ಕೆ ಕೈಯೂರಿ ಎದ್ದಳು. ಅಷ್ಟು ಬೇಗ ಅವಳು ಎದ್ದದ್ದನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ನೇರವಾಗಿ ಪಡಸಾಲೆಗೆ ಹೋಗಿ ಕಂಪ್ಯೂಟರಿನ ಮುಂದೆ ನಿಂತಳು. ನಾನು ಹಿಂದೆ ಓಡಿದೆ.

"ತೋರಸ್ರಿ. ಯಾವ ಖಾನಿ?"

"ಚಂದ್ರಾ, ಮುಚ್ಚಿದ್ರ ಆಕಿದು ಒಂದು ಮಾತೂ—"

"ಗೊತ್ತೈತ್ರೀ! ನಮ್ಮವ್ವಗೂ ಹೇಳೂದಿಲ್ಲ ಅಂತ ಮಾತು ಕೊಟ್ಟಾಳ, ಕೇಳಿಸ್ತಿಲ್ಲ ನಿಮಗ? ನನ್ನ ಹೆಸರ ಹಿಡದ ಹೇಳ್ಯಾಳ. ಜೀವ ಇರೂತನಕ ಒಬ್ಬರ ಹೆಸರ ನನ್ನ ಮುಂದ ಎತ್ತಲಿಲ್ಲ ಆಕಿ. ಸತ್ತ ಮ್ಯಾಲ ಆಕಿ ಬಾಯಿಲೆನ ಆಕಿ ಮಾತ ಮುರಸಾಕತ್ತೀನಿ ನಾ, ಹಡದಾಕಿ! ಯಾವ ಖಾನಿ, ಹೇಳ್ರೀ ಲಗೂನ!"

ನಾನು ಕೆಳಗಿನ ಖಾನೆಯನ್ನು ತೋರಿಸಿದೆ. ನಾನು ಮೌಸಿನ ಮೇಲೆ ಅವಳ ಕೈಯನ್ನು ಹಿಡಿಯಲು ಹೋದೆ, ಅವಳು ಬಿಡಲಿಲ್ಲ. ಹಳೆಯ ಆವೃತ್ತಿಯ ಮೇಲೆ ಒತ್ತಿ, ಹೊಸದನ್ನು ಆರಿಸಿದಳು. ಯಂತ್ರ ಒಂದು ಮಾತು ಕೇಳಿತು. ಅವಳು ಕನ್ನಡಕವಿಲ್ಲದೆ, ಪರದೆಗೆ ಮುಖ ಹತ್ತಿರ ತಂದು, ಶಾಲೆಯ ಮಗುವಿನಂತೆ ಅಕ್ಷರ ಕೂಡಿಸಿ ಓದಿದಳು: "ಇನ್ನು ಮುಂದೆ ಹಳೆಯ ಆವೃತ್ತಿಯಲ್ಲಿ ಸಂಪರ್ಕ ಸಾಧ್ಯವಿಲ್ಲ. ಮುಂದುವರಿಯಬೇಕೆ?" ಸಾಧ್ಯವಿಲ್ಲ ಎಂಬ ಮಾತನ್ನು ಅವಳು ಎರಡು ಸಲ ಓದಿದಳು. ಹೊರಗೆ ಗಾಳಿ ಮತ್ತೆ ಏಳುವ ಸದ್ದು ಕೇಳಿಸಿತು. ತೆಂಗಿನ ಗರಿಗಳು ಅಲುಗಿದವು. ಇನ್ನು ಬೇವಿನ ಸರದಿ.

"ಹೋಗಿ ಬಾ ನನ್ನವ್ವಾ" ಎಂದು ಚಂದ್ರವ್ವ ಒತ್ತಿದಳು.

ನಾವಿಬ್ಬರೂ ಹೊರಗೆ ಬಂದು ಹೊಸ್ತಿಲ ಮೇಲೆ ನಿಂತೆವು. ಗಾಳಿ ಬೇವಿನೊಳಗೆ ನುಗ್ಗಿ, ಮರ ತುದಿಯಿಂದ ಬುಡದವರೆಗೆ ತೂಗಿತು. ಎಲೆಗೆ ಎಲೆ ತಾಗುವ ಸದ್ದು ಬಂತು. ಅದರ ಹಿಂದೆ ಇನ್ನೇನೂ ಬರಲಿಲ್ಲ. ಬೇಲಿಯ ಬಳಿಯವರು ಸ್ವಲ್ಪ ಹೊತ್ತು ಕಾದರು. ದೂರದಲ್ಲಿ ಪೇಟೆಯ ಕಡೆಯ ಗದ್ದಲವೂ ನಿಂತುಹೋಗಿತ್ತು. ಯಾರೋ, "ಮುಗೀತಪಾ, ನಡೀರಿ" ಎಂದರು. ಗಾಡಿಯವನು ಎತ್ತುಗಳನ್ನು ಹೊಡೆದುಕೊಂಡು ಹೋದ.

ರಾಚವ್ವ ಎದ್ದು ಬಂದು ಚಂದ್ರವ್ವನ ಎದುರು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಚಂದ್ರವ್ವ ಅವಳ ಬಾಯಿಗೆ ತನ್ನ ಅಂಗೈ ಅಡ್ಡ ಹಿಡಿದು, "ನನಗ ಏನೂ ಹೇಳಬ್ಯಾಡವ್ವಾ. ನನಗ ಯಾರ ಹೆಸರೂ ಗೊತ್ತಿಲ್ಲ" ಎಂದಳು. ಆಮೇಲೆ ಅವಳ ಭುಜದ ಮೇಲೆ ತಲೆಯಿಟ್ಟು, ಮಗಳು ಹೋದ ದಿನ ಅಳಬೇಕಾದದ್ದನ್ನೆಲ್ಲ ಅತ್ತಳು. ನಾನು ಕಂಬ ಹಿಡಿದು ನಿಂತಿದ್ದೆ.

ರಾಚವ್ವ ಹೋದ ಮೇಲೆ ನಾವಿಬ್ಬರೂ ಕೈಕಾಲು ತೊಳೆದು, ಗುಡ್ಡದ ದಿಕ್ಕಿಗೆ ಮುಖ ಮಾಡಿ ಕೂತು ಪ್ರಾರ್ಥಿಸಿದೆವು.

ಶಾಂತಿನಾಥ ಸ್ವಾಮಿ, ನಮ್ಮ ಮಗಳು ಅನಂತಮತಿಯ ಜೀವ ಯಾವ ದಾರಿಯಲ್ಲಿದೆಯೋ ನಾವು ಅರಿಯೆವು. ಆ ದಾರಿಯಲ್ಲಿ ಅವಳಿಗೆ ಜ್ವರವಿರದಿರಲಿ, ದಣಿವಿರದಿರಲಿ. ಅವಳು ಕೊಟ್ಟ ಮಾತುಗಳು ಒಂದೂ ಮುರಿಯದೆ ಅವಳ ಜೊತೆ ಹೋಗಲಿ. ಅವಳ ಮಾತು ಕೇಳಬೇಕೆಂಬ ನಮ್ಮ ಆಸೆ ಅವಳನ್ನು ಹಿಂದಕ್ಕೆ ಎಳೆಯದಿರಲಿ. ಅವಳು ನಮ್ಮಲ್ಲಿ ಏನಾದರೂ ನೊಂದಿದ್ದರೆ ಕ್ಷಮಿಸಲಿ, ನಾವು ಅವಳನ್ನು ಕ್ಷಮಿಸಬೇಕಾದದ್ದು ಏನೂ ಇಲ್ಲ. ಅವಳು ನೋಡಿಕೊಂಡ ರೋಗಿಗಳಿಗೂ, ಅಂಗಳದ ಈ ಮರಕ್ಕೂ, ಸಕಲ ಜೀವಗಳಿಗೂ ಶಾಂತಿಯಾಗಲಿ. ನಮ್ಮ ಕೂಸಿಗೆ ಶಾಂತಿಯಾಗಲಿ.